ಮಂಗಳವಾರದ ಚೀಟಿ

ಪ್ರತಿ ವರ್ಷ ಆಗಸ್ಟ್ 29ರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವುದಿಲ್ಲ. ಅವತ್ತು ಸಂಜೆ ನಮ್ಮ ಚರ್ಚಿನಲ್ಲಿ ಹಬ್ಬದ ಬಾವುಟ ಏರುತ್ತದೆ. ಆಮೇಲೆ ಒಂಬತ್ತು ದಿನ ನೊವೇನ ಅನ್ನುವ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರು ಹುಟ್ಟಿದ ಹಬ್ಬ. ಬಾವುಟ ಏರುವುದಕ್ಕೆ ಮುಂಚೆ ಅಮ್ಮನವರಿಗೆ ಹೊಸ ಸೀರೆ ಉಡಿಸಿ ಮುಗಿಸಬೇಕು. ಹದಿನಾರು ವರ್ಷದಿಂದ ಆ ಕೆಲಸ ನನ್ನದು.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉಷಾ ಮಷೀನು, ಒಂದು ಪಿಕೋ ಮಷೀನು, ಕತ್ತರಿಸಲು ಅಮ್ಮನ ಕಾಲದ ಹಳೇ ಮೇಜು. ಸೀರೆ, ಬ್ಲೌಸು ದಿನಾ ಕೈಗೆ ಸಿಗುವ ವಸ್ತುಗಳೇ. ಆದರೂ ಅಮ್ಮನವರಿಗೆ ಉಡಿಸುವ ದಿನ ಕೈ ಸ್ವಲ್ಪ ನಡುಗುತ್ತದೆ.

ನಮ್ಮ ಅಮ್ಮನವರ ಪ್ರತಿಮೆ ಮೂರೂಕಾಲು ಅಡಿ. ಸೀರೆ ಐದೂವರೆ ಮೀಟರ್. ಹರಕೆಯ ಸೀರೆಗೆ ಕತ್ತರಿ ಹಾಕುವ ಹಾಗಿಲ್ಲ. ಯಾಕೆಂದರೆ ಹಬ್ಬ ಮುಗಿದ ಮೇಲೆ ಅದು ಯಾವುದಾದರೂ ಬಡ ಹುಡುಗಿಯ ಮದುವೆಗೆ ಹೋಗುತ್ತದೆ. ಅದಕ್ಕೇ ಅಗಲವನ್ನು ಅರ್ಧಕ್ಕೆ ಮಡಚಿ, ಸೊಂಟದ ಸುತ್ತ ಮೂರು ಸುತ್ತು ತಂದು, ಮುಂದೆ ಸಣ್ಣ ಸಣ್ಣ ನೆರಿಗೆ ಹಿಡಿಯುತ್ತೇನೆ. ಕಷ್ಟ ಇರುವುದು ಎಡಗೈ ಹತ್ತಿರ. ಅಲ್ಲಿ ಬಾಲಯೇಸು ಕೂತಿದ್ದಾರೆ. ಸೆರಗು ಮಗುವಿನ ಕಾಲ ಕೆಳಗಿಂದ ಬರಬೇಕು, ಮುಖಕ್ಕೆ ಅಡ್ಡ ಬರಬಾರದು, ಹೆಗಲ ಮೇಲಿಂದ ತಲೆಗೆ ಹೊದಿಸುವಷ್ಟು ಉಳಿಯಬೇಕು. ಪಿನ್ನು ಎಲ್ಲೂ ಕಾಣಬಾರದು. ಉಡಿಸಿ ಮುಗಿಯುವವರೆಗೆ ನಾವು ಹೆಂಗಸರು ಪರದೆ ಎಳೆದುಕೊಂಡಿರುತ್ತೇವೆ. ತೇರು ಕಟ್ಟುವ ಗಂಡಸರು ಹೊರಗೆ ಕಾಯುತ್ತಾರೆ.

ಕಳೆದ ಆಗಸ್ಟಿನಲ್ಲಿ ಸಹಾಯಕ್ಕೆ ಅಂತ ಒಬ್ಬಳು ಕಾಲೇಜು ಹುಡುಗಿ ಬಂದಿದ್ದಳು. ನನಗೆ ಹೊಸಬಳು. ಪಿನ್ನು ಕೊಡುತ್ತಾ ಕೊಡುತ್ತಾ "ಆಂಟಿ, ನಿಮಗೆ ಎಷ್ಟು ಜನ ಮಕ್ಕಳು?" ಅಂದಳು. ಈ ಪ್ರಶ್ನೆ ನನಗೆ ಸಾವಿರ ಸಲ ಬಂದಿದೆ. "ಇಲ್ಲಮ್ಮ" ಅನ್ನುವುದು ರೂಢಿ. ಅವತ್ತು ಯಾಕೋ ಬಾಯಿಂದ "ಮೂರು ಜನ" ಅಂತ ಬಂತು. ಪಕ್ಕದಲ್ಲಿದ್ದ ನಮ್ಮ ಬೀದಿಯ ಹೆಂಗಸು ನನ್ನ ಮುಖ ನೋಡಿದರು. ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಇಲ್ಲ ಅಂತ ಅವರಿಗೆ ಗೊತ್ತು.

ನಾನು ಸುಳ್ಳು ಹೇಳಲಿಲ್ಲ. ಅದು ಹೇಗೆ ಅಂತ ಬರೆಯಬೇಕು ಅನ್ನಿಸಿ ಇವತ್ತು ಕೂತಿದ್ದೇನೆ.

ನನ್ನ ಮದುವೆ ಆದದ್ದು 1996ರಲ್ಲಿ. ಐದು ವರ್ಷ ಆದ ಮೇಲೆ ಆಸ್ಪತ್ರೆಗಳ ಓಡಾಟ ಶುರುವಾಯಿತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ದಾರಿಯಲ್ಲಿ ಹೋದವರಿಗೆ ಗೊತ್ತು, ಹೋಗದವರಿಗೆ ಹೇಳಿದರೂ ತಿಳಿಯುವುದಿಲ್ಲ. ಪ್ರತಿ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೆ ಹೋಗುತ್ತಿದ್ದೆ. 1882ರಲ್ಲಿ ಕಟ್ಟಿದ ಆ ಎತ್ತರದ ಗೋಪುರ ದೂರದಿಂದ ಕಂಡ ಕೂಡಲೇ ಅಳು ಬರುತ್ತಿತ್ತು. ಕಾವಿ ಬಟ್ಟೆ ಉಟ್ಟು ಬರಿಗಾಲಲ್ಲಿ ನಡೆದು ಬಂದವರು, ಮೇಣದಬತ್ತಿ ಹಿಡಿದವರು, ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಎಲ್ಲರೂ ಆ ಸಾಲಿನಲ್ಲಿ ಇರುತ್ತಿದ್ದರು. ಸೀರೆ ಉಟ್ಟು ನಿಂತ ಆರೋಗ್ಯ ಮಾತೆಯ ಮುಂದೆ ಅವರ್ಯಾರೂ ನನ್ನನ್ನು ನೀನು ಯಾರು ಎಂದು ಕೇಳಲಿಲ್ಲ. ನಾನು ಮೂರು ವರ್ಷ ಪುಟ್ಟ ಮರದ ತೊಟ್ಟಿಲು ಹರಕೆ ಕೊಟ್ಟೆ. ನಾಲ್ಕನೇ ವರ್ಷ ಬರಿಗೈಯಲ್ಲಿ ಹೋದೆ.

ಆ ಹೊತ್ತಿನಲ್ಲೇ ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಅಲ್ಲಿ ಬೋಧಿಸಲು ಬಂದಿದ್ದವರೊಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, "ದೇವರು ನಿನಗೆ ಮಕ್ಕಳು ಕೊಡದೆ ಇರೋದು ನಿನ್ನನ್ನ ಆಧ್ಯಾತ್ಮಿಕ ತಾಯಿ ಮಾಡೋದಕ್ಕೆ" ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಹಸಿದವಳ ಎಲೆ ಮೇಲೆ ಅನ್ನದ ಚಿತ್ರ ಇಟ್ಟ ಹಾಗಾಯಿತು ನನಗೆ. ಎದ್ದು ಹೊರಗೆ ಬಂದು ನಲ್ಲಿ ಹತ್ತಿರ ಮುಖ ತೊಳೆದುಕೊಂಡೆ. ಆಮೇಲೆ ಬಹಳ ದಿನ ಆ ಎರಡು ಪದ ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ಮಕ್ಕಳಿಲ್ಲದವಳ ಬಾಯಿ ಮುಚ್ಚಿಸಲು ಕಂಡುಕೊಂಡ ಹೆಸರು ಇದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

2008ರಲ್ಲಿ ನಮ್ಮ ಧರ್ಮಕೇಂದ್ರಕ್ಕೆ, ಅಂದರೆ ನಮ್ಮ ಚರ್ಚಿಗೆ, ವಯಸ್ಸಾದ ಒಬ್ಬರು ಕನ್ಯಾಸ್ತ್ರೀ ಬಂದರು. ನಾವೆಲ್ಲ ಮದರ್ ಅಂತಲೇ ಕರೆಯುತ್ತಿದ್ದೆವು. ಅವರ ಬ್ಲೌಸು ಅಳತೆಗೆ ಅಂಗಡಿಗೆ ಬಂದಾಗ ಪರಿಚಯ. ಒಂದು ದಿನ ಅವರು ಒಂದು ಕಾಗದ ತಂದರು. ರೋಮಿನಲ್ಲಿ ಗುರುಗಳ, ಅಂದರೆ ಪಾದ್ರಿಗಳ, ವಿಷಯ ನೋಡಿಕೊಳ್ಳುವ ವಿಭಾಗದವರು 2007ರ ಡಿಸೆಂಬರ್ 8ರಂದು ಎಲ್ಲ ಧರ್ಮಾಧ್ಯಕ್ಷರಿಗೂ (ಬಿಷಪ್ಪರಿಗೂ) ಬರೆದದ್ದು. ಗುರುಗಳಿಗಾಗಿ ಪರಮಪ್ರಸಾದದ, ಅಂದರೆ ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿಯ, ಮುಂದೆ ಕೂತು ಪ್ರಾರ್ಥನೆ ಮಾಡುವವರು ಬೇಕು, ಹೆಂಗಸರು ಅವರಿಗೆ ಆಧ್ಯಾತ್ಮಿಕ ತಾಯಂದಿರಾಗಬೇಕು ಅಂತ ಅದರಲ್ಲಿತ್ತು. ಮತ್ತೆ ಅದೇ ಪದ! ನಾನು ಮಷೀನು ತುಳಿಯುವುದು ನಿಲ್ಲಿಸಲಿಲ್ಲ.

ಮದರ್ ಬಿಡಲಿಲ್ಲ. ಲೂ ಅನ್ನುವ ಊರಿನ ಕಥೆ ಹೇಳಿದರು. ಇಟಲಿಯ ಉತ್ತರಕ್ಕೆ, ಪಿಯೆಮೊಂತೆ ಸೀಮೆಯಲ್ಲಿ, ಕೆಲವೇ ಸಾವಿರ ಜನರ ಹಳ್ಳಿ. ರೈತರೇ ಜಾಸ್ತಿ. 1881ರಲ್ಲಿ ಆ ಊರಿನ ತಾಯಂದಿರು ಸೇರಿ ಒಂದು ನಿರ್ಧಾರ ಮಾಡಿದರಂತೆ. ಪ್ರತಿ ಮಂಗಳವಾರ ಪರಮಪ್ರಸಾದದ ಮುಂದೆ ಕೂರುವುದು, ತಿಂಗಳ ಮೊದಲ ಭಾನುವಾರ ಆ ಉದ್ದೇಶಕ್ಕೇ ಪರಮಪ್ರಸಾದ ಸ್ವೀಕರಿಸುವುದು. ಕೇಳಿದ್ದು ಒಂದೇ: ನಮ್ಮ ಮಕ್ಕಳಲ್ಲಿ ಒಬ್ಬನಾದರೂ ಗುರುವಾಗಲಿ, ಅದಕ್ಕೆ ತಕ್ಕ ಹಾಗೆ ನಾವು ಬದುಕುವಂತಾಗಲಿ. ಆ ಒಂದು ಹಳ್ಳಿಯಿಂದ ಬಂದ ಗುರುಗಳು ಮತ್ತು ಸನ್ಯಾಸಿಗಳು 152, ಕನ್ಯಾಸ್ತ್ರೀಯರು 171. ಒಟ್ಟು 323 ಜನ. ಸಂತ ಡಾನ್ ಬಾಸ್ಕೊ ಅವರ ಸನ್ಯಾಸಿ ಸಭೆಯನ್ನು ಮುಂದೆ ನಡೆಸಿದ ಪುನೀತ ಫಿಲಿಪ್ಪೊ ರಿನಾಲ್ಡಿ ಆ ಊರಿನವರೇ. 1946ರಲ್ಲಿ ಅವರಲ್ಲಿ ಬಹಳ ಜನ ಊರಿಗೆ ಬಂದು ಸೇರಿದಾಗ ತೆಗೆದ ಒಂದು ಫೋಟೋ ಇದೆ. ಸಾಲು ಸಾಲು ಕರಿ ನಿಲುವಂಗಿಗಳು.

ನಾನು ಫೋಟೋ ನೋಡಿದೆ. "ಅವರೆಲ್ಲ ಹೆತ್ತವರು ಮದರ್. ಕೊಡೋದಕ್ಕೆ ಅವರ ಹತ್ರ ಮಕ್ಕಳಿದ್ರು" ಅಂದೆ.

"ಆ ಊರಲ್ಲಿ ಮಕ್ಕಳಿಲ್ಲದ ಹೆಂಗಸು ಒಬ್ಬಳೂ ಇರಲಿಲ್ವಾ? ಮಂಗಳವಾರ ಅವಳು ಮನೆಯಲ್ಲೇ ಕೂತಿದ್ದಳಾ?" ಅಂದರು ಅವರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ಒಂದು ಡಬ್ಬಿಯೊಳಗಿಂದ ಚೀಟಿ ಎತ್ತಿದೆ. ಗುರುವಾಗಲು ಗುರುಮಠದಲ್ಲಿ ಓದುತ್ತಿದ್ದ ಹುಡುಗರ ಹೆಸರುಗಳು ಅದರಲ್ಲಿದ್ದವು. ಹೆಸರು ಮಾತ್ರ. ಊರು, ಮನೆತನ ಏನೂ ಇಲ್ಲ. ಅವನನ್ನು ಹುಡುಕಿಕೊಂಡು ಹೋಗಬಾರದು. ಸಿಕ್ಕರೂ ಹೇಳಬಾರದು. ಮಂಗಳವಾರ ಒಂದು ಗಂಟೆ ತಪ್ಪಿಸಬಾರದು. ಮದರ್ ಹೇಳಿದ್ದು ಇಷ್ಟೇ.

ಮೊದಮೊದಲು ಆ ಒಂದು ಗಂಟೆ ಕಳೆಯುವುದು ಬಹಳ ಕಷ್ಟವಾಗುತ್ತಿತ್ತು. ಜಪಸರ ಮುಗಿದರೂ ಇನ್ನೂ ಅರ್ಧ ಗಂಟೆ ಉಳಿಯುತ್ತಿತ್ತು. ತಲೆಯೊಳಗೆ ಬ್ಲೌಸಿನ ಹುಕ್ಕು, ಕೊಡಬೇಕಾದ ಫಾಲ್ ಸೀರೆ, ಕರೆಂಟು ಬಿಲ್ಲು. ಕಾಣದ ಹುಡುಗನ ಬಗ್ಗೆ ದೇವರ ಹತ್ತಿರ ಏನು ಮಾತಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಕೊನೆಗೆ ತಾಯಂದಿರು ಕೇಳುವುದನ್ನೇ ಕೇಳತೊಡಗಿದೆ. ಅವನು ಸರಿಯಾಗಿ ಊಟ ಮಾಡಿದನಾ? ಮನೆ ನೆನಪಾಗಿ ರಾತ್ರಿ ಅಳುತ್ತಾನಾ? ಲ್ಯಾಟಿನ್ನು, ತತ್ವಶಾಸ್ತ್ರ ತಲೆಗೆ ಹತ್ತುತ್ತಿದೆಯಾ? ಯಾರಾದರೂ ಗೆಳೆಯರಿದ್ದಾರಾ?

ಕೈಹೊಲಿಗೆಯ ಹೆಮ್ಮಿಂಗ್ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಅಂಚು ಮಡಚಿ, ಒಂದೊಂದೇ ಎಳೆ ಎತ್ತಿ ಸೂಜಿ ಹಾಕುತ್ತಾ ಹೋಗಬೇಕು. ಒಂದು ಸೀರೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಮುಗಿದ ಮೇಲೆ ಹೊರಗಿಂದ ಏನೂ ಕಾಣಬಾರದು. ಕಂಡರೆ ಅದು ಒಳ್ಳೇ ಹೆಮ್ಮಿಂಗ್ ಅಲ್ಲ. ಆದರೆ ಅದಿಲ್ಲದಿದ್ದರೆ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡು ಹೋಗುತ್ತದೆ.

ನಾಲ್ಕು ವರ್ಷ ಹೀಗೆ ನಡೆಯಿತು. 2012ರಲ್ಲಿ ಮದರ್ ಬಂದು, ಆ ಹುಡುಗ ಗುರುಮಠ ಬಿಟ್ಟು ಹೋದ ಅಂದರು. ಕೆಲಸಕ್ಕೆ ಸೇರಿದ್ದಾನಂತೆ, ಮದುವೆಗೆ ನೋಡುತ್ತಿದ್ದಾರಂತೆ. ನನಗೆ ಎರಡನೇ ಸಲ ಗರ್ಭ ಇಳಿದು ಹೋದ ಹಾಗಾಯಿತು. ಈ ಮಾತು ಜಾಸ್ತಿಯಾಯಿತು ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಆದದ್ದು ಅದೇ. "ಹಾಗಾದ್ರೆ ಈ ಚೀಟಿ ವಾಪಸ್ ತಗೊಳ್ಳಿ" ಅಂದೆ.

"ವಾಪಸ್ ತಗೊಳ್ಳೋ ಪದ್ಧತಿ ಇಲ್ಲಮ್ಮ" ಅಂದರು. "ಗುರು ಆಗಲಿ ಅಂತ ಮಾತ್ರ ಪ್ರಾರ್ಥನೆ ಮಾಡಿದ್ಯಾ, ಅವನು ಚೆನ್ನಾಗಿರಲಿ ಅಂತ ಮಾಡಿದ್ಯಾ?"

ಅವರು ಅವತ್ತು ಪುಟ್ಟ ತೆರೇಸಮ್ಮನವರ ಕಥೆ ಹೇಳಿದರು. ಫ್ರಾನ್ಸಿನ ಲಿಸಿಯುವಿನ ಸಂತ ತೆರೇಸಾ ಕನ್ಯಾಸ್ತ್ರೀಯರ ಕಾರ್ಮೆಲ್ ಮಠ ಸೇರುವುದಕ್ಕೆ ಮುಂಚೆ, ಬರೀ ಹದಿನಾಲ್ಕು ವರ್ಷದ ಹುಡುಗಿ. 1887. ಪ್ಯಾರಿಸ್ಸಿನಲ್ಲಿ ಪ್ರಾಂಜಿನಿ ಅನ್ನುವವನಿಗೆ ಮೂರು ಕೊಲೆ ಮಾಡಿದ್ದಕ್ಕೆ ಮರಣದಂಡನೆ ಆಗಿತ್ತು. ಅವನಿಗೆ ಪಶ್ಚಾತ್ತಾಪವೇ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಈ ಹುಡುಗಿ ಅವನಿಗಾಗಿ ಪ್ರಾರ್ಥನೆ ಮಾಡಿದಳು, ಪೂಜೆ ಮಾಡಿಸಿದಳು. ತಲೆ ಕಡಿಯುವ ಯಂತ್ರದ ಹತ್ತಿರ ಹೋಗಿ ನಿಂತ ಮೇಲೆ ಅವನು ಗುರುಗಳ ಕೈಯಲ್ಲಿದ್ದ ಶಿಲುಬೆಯನ್ನು ತೆಗೆದುಕೊಂಡು ಮೂರು ಸಲ ಮುತ್ತಿಟ್ಟ ಅಂತ ಪತ್ರಿಕೆಯಲ್ಲಿ ಬಂತು. ತೆರೇಸಾ ಅವನನ್ನು "ನನ್ನ ಮೊದಲ ಮಗು" ಅಂತ ಕರೆದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ಮಠದೊಳಗೇ ತೀರಿಕೊಂಡ, ಹೊರದೇಶಕ್ಕೆ ಕಾಲಿಟ್ಟು ಒಬ್ಬರಿಗೂ ಬೋಧಿಸದ ಆ ಹೆಣ್ಣುಮಗಳನ್ನು 1927ರಲ್ಲಿ ಧರ್ಮಪ್ರಚಾರದ ಕೆಲಸಕ್ಕೇ ಪಾಲಕಿ ಅಂತ ಧರ್ಮಸಭೆ ಘೋಷಿಸಿತು.

ಕೊಲೆಗಾರನನ್ನು ಮಗು ಅನ್ನಬಹುದಾದರೆ, ಕೆಲಸ ಬದಲಾಯಿಸಿದ ಒಳ್ಳೇ ಹುಡುಗನನ್ನು ಬಿಡುವುದಕ್ಕೆ ನನಗೆ ಏನು ಕಾರಣ ಇತ್ತು? ಆ ಚೀಟಿ ಇವತ್ತಿಗೂ ನನ್ನ ಜಪದ ಪುಸ್ತಕದಲ್ಲಿದೆ. ಅವನಿಗೆ ಈಗ ಮಕ್ಕಳೂ ಇರಬಹುದು. ಇದ್ದರೆ ಅವರಿಗೂ ಸೇರಿಸಿ ಕೇಳುತ್ತೇನೆ.

ಅದೇ ವರ್ಷ ಎರಡನೇ ಚೀಟಿ ಎತ್ತಿದೆ.

ಈ ಎರಡನೆಯವರ ಹೆಸರು ಸ್ವಲ್ಪ ಅಪರೂಪದ್ದು. ಇಲ್ಲಿ ಬರೆಯುವುದಿಲ್ಲ. 2018ರ ಜೂನಿನಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಒಂದು ವರ್ಷದ ತರಬೇತಿಗೆ ಅಂತ, ಗುರುವಾಗಲು ಓದುತ್ತಿದ್ದ ಒಬ್ಬ ಬ್ರದರ್ ಬಂದರು. ಪೂಜೆ ಮುಗಿದ ಮೇಲೆ ಸ್ವಾಮಿಯವರು ಅವರ ಹೆಸರು ಹೇಳಿ ಪರಿಚಯ ಮಾಡಿದರು. ನಾನು ಹಿಡಿದಿದ್ದ ಹಾಡಿನ ಪುಸ್ತಕ ಕೆಳಗೆ ಬಿತ್ತು. ಆರು ವರ್ಷ ಪ್ರತಿ ಮಂಗಳವಾರ ಹೇಳಿದ ಹೆಸರು. ಎದುರಿಗೆ ನಿಂತಿದ್ದರು. ಎತ್ತರ, ಸಣಕಲು, ಕನ್ನಡಕ.

ಎರಡು ವಾರ ಬಿಟ್ಟು ಅವರೇ ಅಂಗಡಿಗೆ ಬಂದರು. ಬಿಳಿ ನಿಲುವಂಗಿ ಕಂಕುಳ ಹತ್ತಿರ ಹರಿದಿತ್ತು. "ಆಂಟಿ, ಭಾನುವಾರದೊಳಗೆ ಆಗುತ್ತಾ?" ಅಂದರು. ನೋಡಿದರೆ ಅದು ಬೇರೆ ಯಾರದೋ ಅಳತೆಗೆ ಹೊಲಿದದ್ದು. ಹೊಸದು ಹೊಲಿದುಕೊಡುತ್ತೇನೆ ಅಂತ ಟೇಪು ತೆಗೆದೆ. ಭುಜ ಹದಿನೇಳು ಇಂಚು. ತೋಳು ಇಪ್ಪತ್ತೈದೂವರೆ. ಎದೆ ಮೂವತ್ತಾರು, ಅಷ್ಟು ಎತ್ತರದವರಿಗೆ ಕಮ್ಮಿ. ಅಳತೆ ಬರೆದುಕೊಳ್ಳುವಾಗ ಪೆನ್ನು ಸರಿಯಾಗಿ ಹಿಡಿಯಲಾಗಲಿಲ್ಲ. ಹೆತ್ತ ತಾಯಿಗೆ ಮಗನ ಮೈ ಅಳತೆ ಗೊತ್ತಿರುತ್ತದೆ. ನನಗೆ ಅವತ್ತು ಗೊತ್ತಾಯಿತು.

ಊಟ ಆಯ್ತಾ ಅಂತ ಕೇಳಿದೆ. ಇಲ್ಲ ಅಂದರು. ಮನೆಯಲ್ಲಿ ರಾಗಿಮುದ್ದೆ, ಬಸ್ಸಾರು ಇತ್ತು. ಎರಡು ಮುದ್ದೆ ತಿಂದರು. ಮಾತು ಕಮ್ಮಿ. ಹೊರಡುವಾಗ, ಕೆಲವು ತಿಂಗಳಿಂದ ರಾತ್ರಿ ನಿದ್ದೆ ಬರುತ್ತಿಲ್ಲ ಅಂದರು. ಆಮೇಲೆ ಎಲ್ಲ ಬ್ರದರ್‌ಗಳೂ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು. "ನನಗೋಸ್ಕರ ಒಂದು ಪ್ರಾರ್ಥನೆ ಮಾಡಿ ಆಂಟಿ."

"ಮಾಡ್ತೀನಿ ಬ್ರದರ್" ಅಂದೆ. ಅಷ್ಟೇ ಅಂದೆ.

ಆ ಒಂದು ವರ್ಷ ವಾರಕ್ಕೆ ಒಂದು ಸಲವಾದರೂ ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದರು. ನನ್ನ ಯಜಮಾನರ ಜೊತೆ ಕ್ರಿಕೆಟ್ ನೋಡುತ್ತಿದ್ದರು. ಯಜಮಾನರಿಗೂ ನಾನು ಹೇಳಿರಲಿಲ್ಲ.

ಮುದ್ದೆ ಬಡಿಸುವಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ಸಂತ ಮರಿಯಮ್ ಅವರ ಸೂಪು. 2015ರ ಮೇ 17ರಂದು ಅವರನ್ನು ಸಂತರೆಂದು ಘೋಷಿಸಿದ್ದು. ಆ ವರ್ಷ ನಾವು ಒಂದು ಮದುವೆಗೆ ಮಂಗಳೂರಿಗೆ ಹೋಗಿದ್ದೆವು, ಅಲ್ಲೆಲ್ಲ ಅವರದೇ ಮಾತು. ಯಾಕೆಂದರೆ ಗಲಿಲೇಯದ ಇಬಿಲ್ಲಿನ್ ಊರಿನ ಆ ಅರಬ್ಬಿ ಹುಡುಗಿ 1870ರಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಯ ಕಾರ್ಮೆಲ್ ಮಠದಲ್ಲೇ 1871ರಲ್ಲಿ ವ್ರತ ಸ್ವೀಕರಿಸಿದ್ದು. ಅವರ ಕಥೆಯಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಒಂದು ಘಟನೆ.

ಮರಿಯಮ್ ಹುಟ್ಟುವುದಕ್ಕೆ ಮುಂಚೆ ಅವರ ತಂದೆತಾಯಿಯ ಹನ್ನೆರಡು ಗಂಡುಮಕ್ಕಳೂ ತೀರಿಕೊಂಡಿದ್ದರು. ಇಬ್ಬರೂ ಬೆತ್ಲೆಹೇಮಿಗೆ ನಡೆದುಹೋಗಿ ಹೆಣ್ಣುಮಗು ಕೊಡಮ್ಮ ಅಂತ ಬೇಡಿದರು. ಹುಟ್ಟಿದ ಮಗುವಿಗೆ ಅಮ್ಮನವರ ಹೆಸರೇ ಇಟ್ಟರು. ಮಗುವಿಗೆ ಮೂರು ವರ್ಷ ತುಂಬುವುದರೊಳಗೆ ತಂದೆತಾಯಿ ಇಬ್ಬರೂ ಹೋದರು. ಹನ್ನೆರಡನೇ ವಯಸ್ಸಿನಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ, ಧರ್ಮ ಬಿಡಲು ಒಪ್ಪದ್ದಕ್ಕೆ ಒಬ್ಬ ಅವರ ಕತ್ತು ಕುಯ್ದು ಬಿಸಾಡಿದ. ಕಣ್ಣು ಬಿಟ್ಟಾಗ ಒಂದು ಗವಿಯಲ್ಲಿದ್ದರು. ನೀಲಿ ಬಟ್ಟೆಯ ಒಬ್ಬ ಕನ್ಯಾಸ್ತ್ರೀ ಗಾಯಕ್ಕೆ ಆರೈಕೆ ಮಾಡಿ, ಸೂಪು ಕುಡಿಸಿದರು. ಅಂಥ ರುಚಿಯಾದ ಸೂಪು ಮತ್ತೆ ಯಾವತ್ತೂ ಕುಡಿದಿಲ್ಲ ಅಂತ ಮರಿಯಮ್ ಹೇಳಿಕೊಂಡಿದ್ದಾರೆ. ಆಕೆ ಮರಿಯಮ್ಮನವರೇ ಅಂತ ಅವರು ಕೊನೆಯವರೆಗೂ ನಂಬಿದ್ದರು.

ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ನಾನು ನಂಬುತ್ತೇನೆ. ತಾಯಿ ಇಲ್ಲದ ಮಗುವಿಗೆ ತಾಯಿಯಾಗಲು ಬಂದವರು ಮೊದಲು ಮಾಡಿದ್ದು ಬೋಧನೆ ಅಲ್ಲ. ಗಾಯ ತೊಳೆದು ಸೂಪು ಕುಡಿಸಿದರು.

ಕಥೋಲಿಕರು ಮರಿಯಮ್ಮನವರನ್ನೇ ದೇವರು ಅಂತ ಪೂಜೆ ಮಾಡುತ್ತಾರೆ ಅಂತ ಇನ್ನೂ ಅನೇಕರು ತಿಳಿದಿದ್ದಾರೆ. ನಾನು ಸೀರೆ ಉಡಿಸುವುದು ನೋಡಿ ನನ್ನನ್ನೂ ಕೇಳಿದವರಿದ್ದಾರೆ. ಇಲ್ಲ. ಆರಾಧನೆ ದೇವರಿಗೆ ಮಾತ್ರ. ಅವರು ತಾಯಿ, ನಮಗಾಗಿ ಬೇಡುವವರು. 1964ರ ನವೆಂಬರ್ 21ರಂದು, ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗ, ಪೋಪ್ ಆರನೇ ಪೌಲ್ ಅವರನ್ನು ಧರ್ಮಸಭೆಯ ತಾಯಿ ಅಂತ ಘೋಷಿಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆಂದೇ ಒಂದು ದಿನ ಇಟ್ಟರು, ಪೆಂತೆಕೋಸ್ತ್ ಹಬ್ಬದ ಮಾರನೇ ದಿನ, ಸೋಮವಾರ. 2025ರ ನವೆಂಬರಿನಲ್ಲಿ ವ್ಯಾಟಿಕನ್ನಿನಿಂದ ಇನ್ನೊಂದು ಬರಹ ಬಂತು. ಮರಿಯಮ್ಮನವರನ್ನು ಸಹ-ವಿಮೋಚಕಿ, ಅಂದರೆ ಯೇಸುವಿನ ಜೊತೆ ಸೇರಿ ನಮ್ಮನ್ನು ರಕ್ಷಿಸಿದವರು, ಅಂತ ಕರೆಯುವುದು ಸರಿಯಲ್ಲ, ನಂಬಿದ ಜನರ ತಾಯಿ ಅನ್ನಿ ಅಂತ. ಕೆಲವರಿಗೆ ಬೇಜಾರಾಯಿತು. ನನಗೆ ಖುಷಿಯಾಯಿತು. ತಾಯಿ ಅನ್ನುವುದಕ್ಕಿಂತ ದೊಡ್ಡ ಬಿರುದು ಯಾವುದಿದೆ?

ಆದರೆ ಇದೆಲ್ಲದರ ಬೇರು ಇರುವುದು ಶಿಲುಬೆಯ ಬುಡದಲ್ಲಿ. ಸಂತ ಯೊವಾನ್ನರ ಶುಭಸಂದೇಶ, 19ನೇ ಅಧ್ಯಾಯ. ಯೇಸುಸ್ವಾಮಿ ಪ್ರಾಣ ಬಿಡುವುದಕ್ಕೆ ಮುಂಚೆ ತಾಯಿಗೆ "ಅಮ್ಮಾ, ಇಗೋ ನಿನ್ನ ಮಗ" ಅಂದರು. ಪಕ್ಕದಲ್ಲಿದ್ದ ಶಿಷ್ಯನಿಗೆ "ಇಗೋ ನಿನ್ನ ತಾಯಿ" ಅಂದರು. ಚಿಕ್ಕಂದಿನಿಂದ ಕೇಳಿದ ಮಾತು. ದಿಕ್ಕಿಲ್ಲದ ತಾಯಿಗೆ ಒಂದು ಆಸರೆ ಮಾಡಿಕೊಟ್ಟರು ಅಂತಲೇ ನಾನು ತಿಳಿದಿದ್ದೆ.

ಒಂದು ಮಂಗಳವಾರ ಮತ್ತಾಯರ ಶುಭಸಂದೇಶದಲ್ಲಿ ಅದೇ ದಿನದ ವೃತ್ತಾಂತ ಓದುತ್ತಿದ್ದೆ. 27ನೇ ಅಧ್ಯಾಯ, 56ನೇ ವಾಕ್ಯ. ಅಲ್ಲಿ ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಒಬ್ಬರು ಜೆಬೆದಾಯನ ಮಕ್ಕಳ ತಾಯಿ. ಜೆಬೆದಾಯನ ಮಕ್ಕಳು ಅಂದರೆ ಯಾಕೋಬ ಮತ್ತು ಯೊವಾನ್ನ. ಶಿಲುಬೆ ಹತ್ತಿರ ನಿಂತ ಆ ಪ್ರೀತಿಯ ಶಿಷ್ಯ ಯೊವಾನ್ನರೇ ಅಂತ ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ. ಹಾಗಾದರೆ ಅವರ ಹೆತ್ತ ತಾಯಿ ಅಲ್ಲೇ ಇದ್ದರು! ಯೊವಾನ್ನ ತಾಯಿಯಿಲ್ಲದ ಮಗ ಆಗಿರಲಿಲ್ಲ.

ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ನೆ ಕೂತೆ. ಯೇಸುಸ್ವಾಮಿ ಒಬ್ಬಳ ಮಗನನ್ನು ಕಿತ್ತು ಇನ್ನೊಬ್ಬಳಿಗೆ ಕೊಡಲಿಲ್ಲ. ಇದ್ದ ತಾಯಿಯ ಜೊತೆಗೆ ಇನ್ನೊಬ್ಬ ತಾಯಿಯನ್ನು ಕೊಟ್ಟರು. ಅಂದಿನಿಂದ ಯೊವಾನ್ನರ ಮನೆಯಲ್ಲಿ ಮರಿಯಮ್ಮನವರು ಇದ್ದರು. ಅವರ ಹೆತ್ತ ತಾಯಿ ಆ ಮನೆಗೆ ಬಂದು ಹೋಗುತ್ತಿರಲಿಲ್ವಾ? ಇಬ್ಬರೂ ಒಟ್ಟಿಗೆ ಒಲೆ ಮುಂದೆ ಕೂತು ಏನು ಮಾತಾಡಿರಬಹುದು? ನನಗೆ ಈಗಲೂ ಅದೇ ಯೋಚನೆ.

2023ರ ಚಳಿಗಾಲದಲ್ಲಿ ನನ್ನ ಎರಡನೇ ಮಗನಿಗೆ ಗುರುದೀಕ್ಷೆ ನಿಶ್ಚಯವಾಯಿತು. ಬಟ್ಟೆ ಹೊಲಿಯಲು ಅವರು ನನ್ನ ಹತ್ತಿರವೇ ಬಂದರು. ಅಳತೆ ಮತ್ತೆ ತೆಗೆದೆ. ಎದೆ ಮೂವತ್ತೊಂಬತ್ತು ಆಗಿತ್ತು. ಸಂತೋಷವಾಯಿತು. ಕೊನೆಯಲ್ಲಿ, "ಆಂಟಿ, ಇನ್ನೊಂದು ಸಣ್ಣ ಬಟ್ಟೆ ಬೇಕು, ಕೈ ಒರೆಸೋದಕ್ಕೆ" ಅಂದರು.

ಆ ಬಟ್ಟೆ ಏನು ಅಂತ ನನಗೆ ಗೊತ್ತಿತ್ತು. ದೀಕ್ಷೆಯ ಪೂಜೆಯಲ್ಲಿ ಧರ್ಮಾಧ್ಯಕ್ಷರು ಹೊಸ ಗುರುವಿನ ಎರಡೂ ಅಂಗೈಗಳಿಗೆ ಅಭಿಷೇಕದ ಎಣ್ಣೆ ಹಚ್ಚುತ್ತಾರೆ. ಆಲಿವ್ ಎಣ್ಣೆಗೆ ಸುಗಂಧ ಬೆರೆಸಿ ಮಾಡಿದ್ದು. ಆಮೇಲೆ ಕೈ ಒರೆಸಿದ ಬಟ್ಟೆಯನ್ನು ಹೊಸ ಗುರು ತನ್ನ ತಾಯಿಗೆ ಕೊಡುತ್ತಾರೆ. ಹಳೇ ಕಾಲದಿಂದ ಬಂದ ಪದ್ಧತಿ. ತಾಯಿ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ, ಅವಳು ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಅವಳ ಕೈಯಲ್ಲೇ ಇಡುತ್ತಾರೆ. ದೇವರ ಮುಂದೆ ನಿಂತಾಗ ಏನು ತಂದೆ ಅಂದರೆ ಅವಳು ಅದನ್ನು ತೋರಿಸಬಹುದು.

ಚಿಕ್ಕಪೇಟೆಗೆ ಹೋಗಿ ಒಳ್ಳೇ ಬಿಳಿ ಲಿನನ್ ತಂದೆ. ಎರಡು ಸಲ ನೀರಿಗೆ ಹಾಕಿ ಒಣಗಿಸಿದೆ. ರಾತ್ರಿ ಯಜಮಾನರು ಮಲಗಿದ ಮೇಲೆ ಕೂತೆ. ಮಷೀನಿನಲ್ಲಿ ಐದು ನಿಮಿಷದ ಕೆಲಸ. ನಾನು ಕೈಹೊಲಿಗೆ ಹಾಕಿದೆ. ನಾಲ್ಕು ಅಂಚಿಗೆ ಎರಡು ರಾತ್ರಿ ಹಿಡಿಯಿತು. ಒಂದೊಂದು ಎಳೆಗೂ ಒಂದೊಂದು ನಮೋ ಮರಿಯಾ ಜಪ. ಈ ಬಟ್ಟೆ ನನ್ನ ಪೆಟ್ಟಿಗೆಗೆ ಬರುವುದಲ್ಲ ಅಂತ ಗೊತ್ತಿತ್ತು. ಮೊದಲ ರಾತ್ರಿ ಅದಕ್ಕೆ ಅಳು ಬಂತು. ಎರಡನೇ ರಾತ್ರಿ ಬರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಇನ್ನೊಬ್ಬ ತಾಯಿಗೆ ಕೊಡುವ ಬಟ್ಟೆ. ಅದು ಚೆನ್ನಾಗಿರಬೇಕು, ಅಷ್ಟೇ ತಲೆಯಲ್ಲಿತ್ತು. ಸಂತ ಪೌಲರು ಗಲಾತ್ಯದವರಿಗೆ ಬರೆಯುತ್ತಾ, ನಿಮಗಾಗಿ ನಾನು ಮತ್ತೆ ಹೆರಿಗೆ ಬೇನೆ ಪಡುತ್ತಿದ್ದೇನೆ ಅನ್ನುತ್ತಾರೆ. ಗಂಡಸು ಬರೆದ ಆ ಮಾತು ನನಗೆ ಆ ಎರಡು ರಾತ್ರಿಯಲ್ಲಿ ಅರ್ಥವಾಯಿತು.

ದೀಕ್ಷೆ ಅವರ ಊರಿನಲ್ಲಿ, ಕನಕಪುರದ ಕಡೆ. ಇಡೀ ಊರಿಗೆ ಚಪ್ಪರ. ನಮ್ಮ ಧರ್ಮಕೇಂದ್ರದಿಂದ ಒಂದು ಬಸ್ಸು ಹೋಗಿತ್ತು. ನಾನು ಕಂಬದ ಪಕ್ಕ ಕೂತಿದ್ದೆ. ಎಣ್ಣೆ ಹಚ್ಚಿದರು, ಕೈ ಒರೆಸಿದರು. ಹೊಸ ಫಾದರ್ ಬಟ್ಟೆ ಹಿಡಿದು ಕೆಳಗೆ ಇಳಿದು ಬಂದು ತಾಯಿಯ ಕೈಗೆ ಕೊಟ್ಟರು. ಆ ತಾಯಿ ಗಂಡ ಇಲ್ಲದೆ, ರೇಷ್ಮೆ ಹುಳ ಸಾಕಿ, ಕೂಲಿ ಮಾಡಿ ಮೂವರು ಮಕ್ಕಳನ್ನು ಬೆಳೆಸಿದವರು. ಬಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

ಊಟದ ಹೊತ್ತಿನಲ್ಲಿ ಯಾರೋ ಅವರಿಗೆ ನನ್ನನ್ನು ತೋರಿಸಿ, ಬಟ್ಟೆ ಹೊಲಿದವರು ಇವರೇ ಅಂದಿರಬೇಕು. ಹುಡುಕಿಕೊಂಡು ಬಂದರು. ಸೆರಗಿನೊಳಗಿಂದ ಬಟ್ಟೆ ತೆಗೆದರು.

"ಅಕ್ಕಾ, ಇದ ಒಗೀಬೇಕಾ?"

"ಬೇಡಮ್ಮ. ಒಗೀಬಾರದು. ಹಾಗೇ ಮಡಚಿ ಇಟ್ಟುಕೊಳ್ಳಿ."

ಅವರು ಅದನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಮೂಗಿನ ಹತ್ತಿರವೂ ಹಿಡಿದರು. "ಎಂಥಾ ವಾಸ್ನೆ ನೋಡಕ್ಕ. ಎಳೆಗೂಸಿದ್ದಾಗ ಈ ಕೈಗೆ ನಾನೂ ದಿನಾ ಎಣ್ಣೆ ಉಜ್ತಿದ್ದೆ. ಹರಳೆಣ್ಣೆ."

ನನಗೆ ಮಾತು ಬರಲಿಲ್ಲ. ಅವರ ಕೈ ಹಿಡಿದುಕೊಂಡೆ. ಹದಿನೈದು ದಿನದ ಹಿಂದೆ ಮದರ್ ಮೂರನೇ ಚೀಟಿ ಕೊಟ್ಟಿದ್ದರು. ಅದರಲ್ಲಿದ್ದದ್ದು ಎಂಬತ್ತೊಂದು ವರ್ಷದ, ಕಣ್ಣು ಕಾಣದ, ಒಬ್ಬರು ನಿವೃತ್ತ ಗುರುಗಳ ಹೆಸರು. ಅವರ ತಾಯಿ ಯಾವಾಗಲೋ ತೀರಿಕೊಂಡಿರುತ್ತಾರೆ. ಅವರ ಪೆಟ್ಟಿಗೆಯಲ್ಲೂ ಇಂಥದೊಂದು ಬಟ್ಟೆ ಹೋಗಿತ್ತಾ ಅಂತ ಆ ಕ್ಷಣ ಅನ್ನಿಸಿತು.

ಆ ತಾಯಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಅಂಚಿನ ಮೇಲೆ ಬೆರಳು ಓಡಿಸಿದರು.

"ಹೊಲಿಗೆ ಎಲ್ ಹಾಕಿದೀರ ಅಂತ್ಲೇ ಕಾಣಾಕಿಲ್ವಲ್ಲಕ್ಕ" ಅಂದರು.